ಅಲುಗಾಡಲು ಬಿಟ್ಟ ಎಂಜಿನ್

ಗ್ಯಾರೇಜುಗಳಲ್ಲಿ ಅದನ್ನು ‘ಎಂಜಿನ್ ಮೌಂಟಿಂಗ್’ ಅನ್ನುತ್ತಾರೆ. ಲಾರಿ ಕೆಲಸದಲ್ಲಿ ಪಳಗಿದ ಮೇಸ್ತ್ರಿಗಳ ಬಾಯಲ್ಲಿ ಅದೇ ‘ಫೌಂಡೇಷನ್’. ಈ ಎರಡನೆಯ ಹೆಸರು ಸ್ವಲ್ಪ ದಾರಿ ತಪ್ಪಿಸುವಂಥದ್ದು. ಫೌಂಡೇಷನ್ ಅಂದರೆ ತಳಪಾಯ. ತಳಪಾಯದ ಗುಣವೇ ಅಲುಗದಿರುವುದು. ಕಾರಿನ ಎಂಜಿನ್ನಿಗೆ ಆತುಕೊಂಡಿರುವ ಈ ರಬ್ಬರಿನ ತುಂಡು ಇರುವುದೋ ಅಲುಗುವುದಕ್ಕೇ.

ಅದು ಸರಿಯಾಗಿದೆಯೋ ಹೋಗಿದೆಯೋ ನೋಡುವ ಹಳೆಯ ಕ್ರಮ ಇಂದಿಗೂ ಬದಲಾಗಿಲ್ಲ. ಬಾನೆಟ್ ಎತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕಿನ ಮೇಲೆ ಕಾಲಿಟ್ಟು, ಒಬ್ಬ ಸೀಟಿನಲ್ಲಿ ಕೂತು ಗೇರು ಹಾಕಿ ಕ್ಲಚ್ಚನ್ನು ಅರ್ಧ ಬಿಡುತ್ತಾನೆ. ಇನ್ನೊಬ್ಬ ಪಕ್ಕಕ್ಕೆ ನಿಂತು ಎಂಜಿನ್ ನೋಡುತ್ತಾನೆ. ಆರೋಗ್ಯವಂತ ಎಂಜಿನ್ ಒಂದಿಷ್ಟು ವಾಲಿ ತನ್ನ ಜಾಗಕ್ಕೆ ಮರಳುತ್ತದೆ. ರಬ್ಬರು ಹರಿದಿದ್ದರೆ ಹಗ್ಗ ಬಿಚ್ಚಿದ ಕರುವಿನಂತೆ ಎಗರುತ್ತದೆ, ‘ಧಡ್’ ಎಂದು ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಎಷ್ಟು ಅಲುಗಬೇಕು, ಎಷ್ಟಕ್ಕೆ ನಿಲ್ಲಬೇಕು? ಈ ಲೆಕ್ಕ ಸಿಗಲು ಮೋಟಾರು ಉದ್ಯಮಕ್ಕೆ ಕೆಲವು ದಶಕಗಳೇ ಹಿಡಿದವು.

ಆರಂಭದ ಕಾರುಗಳಲ್ಲಿ ಎಂಜಿನ್ನನ್ನು ನೇರವಾಗಿ ಚಾಸಿಗೆ ಬೋಲ್ಟು ಹಾಕಿ ಬಿಗಿಯುತ್ತಿದ್ದರು. ಕಾರ್ಖಾನೆಯ ಯಂತ್ರವನ್ನು ನೆಲಕ್ಕೆ ಬಿಗಿದಂತೆ. ಆದರೆ ಕಾರ್ಖಾನೆಯ ನೆಲ ತಿರುಚುವುದಿಲ್ಲ, ಕಾರಿನ ಚಾಸಿ ತಿರುಚುತ್ತದೆ. ಒಂದು ಚಕ್ರ ಗುಂಡಿಗಿಳಿದು ಇನ್ನೊಂದು ದಿಬ್ಬ ಹತ್ತಿದಾಗ ಚೌಕಟ್ಟು ಬಾಗಿ, ಅದಕ್ಕೆ ನಾಲ್ಕೂ ಮೂಲೆಯಲ್ಲಿ ಕಟ್ಟಿಹಾಕಿದ ಎಂಜಿನ್ನಿನ ಎರಕದ ಕಾಲುಗಳು ಬಿರುಕು ಬಿಡುತ್ತಿದ್ದವು. ಹೆನ್ರಿ ಫೋರ್ಡ್ 1908ರಲ್ಲಿ ತಂದ ಮಾಡೆಲ್ ಟಿ ಇದಕ್ಕೆ ಕಂಡುಕೊಂಡ ಪರಿಹಾರ ಸರಳ: ಮೂರೇ ಕಡೆ ಆಧಾರ. ಮೂರು ಕಾಲಿನ ಮಣೆ ಎಂಥ ಅಂಕುಡೊಂಕು ನೆಲದಲ್ಲೂ ಕೂರುತ್ತದೆ, ನಾಲ್ಕು ಕಾಲಿನದು ಕುಂಟುತ್ತದೆ, ಅದೇ ನ್ಯಾಯ. ಎಂಜಿನ್ ಉಳಿಯಿತು. ಅದರೊಳಗಿನ ನಡುಕ ಮಾತ್ರ ಸವಾರರ ಹಲ್ಲಿನವರೆಗೂ ಹಾಗೇ ಹರಿಯುತ್ತಿತ್ತು.

ಆ ನಡುಕ ಎಲ್ಲಿಂದ ಬರುತ್ತದೆ? ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಎರಡು ಪಿಸ್ಟನ್ ಮೇಲೇರುವಾಗ ಎರಡು ಕೆಳಗಿಳಿಯುತ್ತವೆ. ಒಂದಕ್ಕೊಂದು ಸರಿದೂಗಬೇಕು ಅನ್ನಿಸುತ್ತದೆ, ಆದರೆ ಪೂರ್ತಿ ದೂಗುವುದಿಲ್ಲ. ಕನೆಕ್ಟಿಂಗ್ ರಾಡಿನ ಓರೆಯಿಂದಾಗಿ ಪಿಸ್ಟನ್ ತನ್ನ ಹಾದಿಯ ಮೇಲಿನ ಅರ್ಧವನ್ನು ಕೆಳಗಿನ ಅರ್ಧಕ್ಕಿಂತ ಬೇಗ ದಾಟುತ್ತದೆ. ಉಳಿದ ವ್ಯತ್ಯಾಸ ಕ್ರ್ಯಾಂಕಿನ ಪ್ರತಿ ಸುತ್ತಿಗೆ ಎರಡು ಸಲ ಇಡೀ ಎಂಜಿನ್ನನ್ನು ಮೇಲೆ ಕೆಳಗೆ ಕುಲುಕುತ್ತದೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಇದನ್ನು ಆ ಕಾಲಕ್ಕೇ ಅರ್ಥಮಾಡಿಕೊಂಡಿದ್ದ. ವಿರುದ್ಧ ದಿಕ್ಕಿನಲ್ಲಿ ದುಪ್ಪಟ್ಟು ವೇಗದಲ್ಲಿ ತಿರುಗುವ ಎರಡು ಶಾಫ್ಟುಗಳನ್ನಿಟ್ಟು ನಡುಕವನ್ನು ನಡುಕದಿಂದಲೇ ಹೊಡೆಯುವ ಉಪಾಯ ಅವನದು. ಉಪಾಯ ಚೆನ್ನಾಗಿತ್ತು, ಖರ್ಚೂ ಅಷ್ಟೇ ಚೆನ್ನಾಗಿತ್ತು.

ಇದು ಒಂದು ಕಾಟ. ಇನ್ನೊಂದು, ಸಿಡಿತದ ಗುದ್ದು. ಎಂಜಿನ್ ಚಕ್ರದ ಕಡೆಗೆ ಶಾಫ್ಟನ್ನು ಒಂದು ದಿಕ್ಕಿಗೆ ತಿರುಗಿಸುವಾಗ ತಾನು ಇನ್ನೊಂದು ದಿಕ್ಕಿಗೆ ಹೊರಳಲು ನೋಡುತ್ತದೆ. ನಿಮಿಷಕ್ಕೆ 800 ಸುತ್ತಿನ ಐಡಲಿನಲ್ಲಿ ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 1600 ಸಲ, ಅಂದರೆ ಸೆಕೆಂಡಿಗೆ ಸುಮಾರು 27 ಸಲ ಹೀಗೆ ಗುದ್ದುತ್ತದೆ. ಮೂರು ಸಿಲಿಂಡರಿನದು 20 ಸಲ. ಗುದ್ದುಗಳ ನಡುವಿನ ಬಿಡುವು ಹೆಚ್ಚಿದಷ್ಟೂ ಸವಾರನಿಗೆ ಒಂದೊಂದೂ ಬೇರೆಬೇರೆಯಾಗಿ ಗೊತ್ತಾಗುತ್ತದೆ. ಶ್ರೀಮಂತರು ಆರು, ಎಂಟು ಸಿಲಿಂಡರಿಗೆ ದುಡ್ಡು ಸುರಿಯುತ್ತಿದ್ದುದು ಬರೀ ವೇಗಕ್ಕಲ್ಲ, ಈ ನಯಕ್ಕೆ.

1929ರಲ್ಲಿ ಷೆವರ್ಲೆ ನಾಲ್ಕರ ಬೆಲೆಗೆ ಆರು ಸಿಲಿಂಡರ್ ಕೊಡಲು ಶುರುಮಾಡಿದಾಗ ಅಗ್ಗದ ಕಾರುಗಳ ಪೇಟೆ ಅಲ್ಲೋಲಕಲ್ಲೋಲವಾಯಿತು. ಕ್ರೈಸ್ಲರ್ ಕಂಪನಿಯ ಪ್ಲಿಮತ್ ಆಗಿನ್ನೂ ಹೊಸ ಹೆಸರು, 1928ರಲ್ಲಿ ಹುಟ್ಟಿದ್ದು, ನಾಲ್ಕೇ ಸಿಲಿಂಡರು. ಜತೆಗೆ ಆರ್ಥಿಕ ಕುಸಿತ. ಹೊಸ ಎಂಜಿನ್ ಬೆಳೆಸಲು ಅದು ಒಳ್ಳೆಯ ಹೊತ್ತಲ್ಲ. ಫ್ರೆಡ್ ಝೀಡರ್, ಓವೆನ್ ಸ್ಕೆಲ್ಟನ್, ಕಾರ್ಲ್ ಬ್ರೀರ್ ಎಂಬ ಮೂವರು ಎಂಜಿನಿಯರುಗಳ ಹಿಡಿತದಲ್ಲಿದ್ದ ಅಲ್ಲಿನ ತಾಂತ್ರಿಕ ವಿಭಾಗ ಪ್ರಶ್ನೆಯನ್ನೇ ತಿರುಗಿಸಿ ಹಾಕಿತು. ನಡುಕ ನಿಲ್ಲಿಸುವುದು ಕಷ್ಟ. ನಡುಗಲಿ, ಆದರೆ ತನ್ನ ಪಾಡಿಗೆ ತಾನು ನಡುಗಲಿ.

ಎಂಜಿನ್ನಿನ ಕೆಳಗೆ ರಬ್ಬರ್ ಇಡುವುದು ಅಷ್ಟರಲ್ಲಿ ಹೊಸದೇನಲ್ಲ. ನ್ಯಾಷ್ ಕಂಪನಿ 1920ರ ದಶಕದ ಆರಂಭದಲ್ಲೇ ಅದನ್ನು ಮಾಡಿತ್ತು. ಹೊಸದು ಎಲ್ಲಿಡಬೇಕು ಎಂಬ ಯೋಚನೆ. ಪ್ರತಿ ವಸ್ತುವಿಗೂ ತಾನು ಸಲೀಸಾಗಿ ಹೊರಳಬಲ್ಲ ಒಂದು ಅಚ್ಚು ಇರುತ್ತದೆ, ಅದು ಅದರ ಗುರುತ್ವ ಕೇಂದ್ರದ ಮೂಲಕ ಹಾಯುತ್ತದೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರಿದ ಉದ್ದನೆಯ ಗಡ್ಡೆಗೆ ಆ ಅಚ್ಚು ಮುಂದೆ ಎತ್ತರದಿಂದ ಹಿಂದೆ ಕೆಳಕ್ಕೆ ಓರೆಯಾಗಿ ಇಳಿಯುತ್ತದೆ. ಕ್ರೈಸ್ಲರಿನವರು ಒಂದು ರಬ್ಬರನ್ನು ಮುಂದೆ, ನೀರಿನ ಪಂಪಿನ ಬಳಿ ಮೇಲಕ್ಕೂ, ಇನ್ನೊಂದನ್ನು ಹಿಂದೆ ಗೇರ್‌ಬಾಕ್ಸಿನ ಕೆಳಕ್ಕೂ ಇಟ್ಟರು. ಎಂಜಿನ್ ಈ ಎರಡರ ನಡುವೆ ತೊಟ್ಟಿಲಿನಂತೆ ತೂಗಿಕೊಂಡಿತು. ಹೊರಳಾಟ ಮಿತಿ ಮೀರದಿರಲು ಬದಿಯಲ್ಲೊಂದು ಪಟ್ಟಿ ಸ್ಪ್ರಿಂಗ್.

ತೊಟ್ಟಿಲಿನ ಹೋಲಿಕೆ ಬರೀ ಅಲಂಕಾರವಲ್ಲ, ಭೌತಶಾಸ್ತ್ರವೂ ಅದೇ. ತೊಟ್ಟಿಲಿಗೆ ತನ್ನದೇ ನಿಧಾನದ ಲಯವಿರುತ್ತದೆ. ಆ ಲಯಕ್ಕೆ ತೂಗಿದರೆ ಬೆರಳಿನ ತಳ್ಳಿಗೂ ದೊಡ್ಡದಾಗಿ ಆಡುತ್ತದೆ. ಅದಕ್ಕಿಂತ ಬಹಳ ಚುರುಕಾಗಿ ಪಟಪಟನೆ ತಳ್ಳಿದರೆ ಮಿಸುಕುವುದೇ ಇಲ್ಲ. ಮೆತ್ತನೆಯ ರಬ್ಬರಿನ ಮೇಲೆ ಎಂಜಿನ್ ತೂಗುವ ಲಯ ಅದರ ಗುದ್ದುಗಳ ಲಯಕ್ಕಿಂತ ಸಾಕಷ್ಟು ಕೆಳಗಿದ್ದರೆ, ಗುದ್ದು ಚಾಸಿಯವರೆಗೆ ತಲುಪುವಷ್ಟರಲ್ಲಿ ಸುಸ್ತಾಗಿರುತ್ತದೆ.

‘ಫ್ಲೋಟಿಂಗ್ ಪವರ್’ ಎಂಬ ಹೆಸರಿನಲ್ಲಿ 1931ರ ಜುಲೈಯಲ್ಲಿ ಪ್ಲಿಮತ್ ಪಿಎ ಕಾರಿನೊಂದಿಗೆ ಇದು ಹೊರಬಂತು. ಎಂಟು ಸಿಲಿಂಡರಿನ ನಯ, ನಾಲ್ಕು ಸಿಲಿಂಡರಿನ ಖರ್ಚು ಎಂಬುದು ಜಾಹೀರಾತಿನ ವರಸೆ. ಅತಿಶಯೋಕ್ತಿಯೇ, ಆದರೆ ಪೂರ್ತಿ ಸುಳ್ಳಲ್ಲ. ವಾಲ್ಟರ್ ಕ್ರೈಸ್ಲರ್ ಹೊಸ ಕಾರೊಂದನ್ನು ಹತ್ತಿ ನೇರ ಪ್ರತಿಸ್ಪರ್ಧಿಯ ಮನೆ ಬಾಗಿಲಿಗೇ ಹೋದ. ಹೆನ್ರಿ ಫೋರ್ಡನಿಗೂ ಅವನ ಮಗ ಎಡ್ಸೆಲನಿಗೂ ಕಾರನ್ನು ತೋರಿಸಿ, ಒಂದು ಸುತ್ತು ಹಾಕಿಸಿ, ಕೊನೆಗೆ ಅದನ್ನು ಅಲ್ಲೇ ಉಡುಗೊರೆಯಾಗಿ ಬಿಟ್ಟು ಟ್ಯಾಕ್ಸಿ ಹಿಡಿದು ವಾಪಸಾದ. ಈ ಪ್ರಸಂಗವನ್ನು ಆತ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಸೌಜನ್ಯವೋ ಚೇಷ್ಟೆಯೋ ಓದುಗರೇ ತೀರ್ಮಾನಿಸಬೇಕು. ಮರುವರ್ಷ ಫೋರ್ಡ್ ತನ್ನ ವಿ-8 ತಂದ: ಎಂಟು ಸಿಲಿಂಡರನ್ನೇ ಅಗ್ಗಕ್ಕೆ ಕೊಡುವ ಜವಾಬು. ಒಬ್ಬ ಸಿಲಿಂಡರ್ ಹೆಚ್ಚಿಸಿದ, ಒಬ್ಬ ರಬ್ಬರ್ ಇಟ್ಟ. ಇಂದಿನ ರಸ್ತೆಗಳನ್ನು ನೋಡಿದರೆ ರಬ್ಬರಿನವನೇ ಗೆದ್ದ ಅನ್ನಬೇಕು.

ಫ್ರಾನ್ಸಿನ ಆಂದ್ರೆ ಸಿತ್ರೋಯೆನ್ ಅಮೆರಿಕದಲ್ಲಿ ಈ ತಂತ್ರ ಕಂಡು ಮರುಳಾಗಿ, ಲೈಸೆನ್ಸ್ ಪಡೆದು 1932ರಲ್ಲಿ ತನ್ನ ಕಾರುಗಳಿಗೆ ಅಳವಡಿಸಿದ. ತೇಲುವ ಎಂಜಿನ್ ಎಂದು ಸಾರಲು ಕಂಪನಿಯ ಎರಡು ಬಾಣದ ಗುರುತಿನ ಮುಂದೆ ಈಜುತ್ತಿರುವ ಹಂಸವೊಂದನ್ನು ಕೂರಿಸಿದ. ಬಾನೆಟ್ಟಿನ ಒಳಗೆ ಯಾರ ಕಣ್ಣಿಗೂ ಬೀಳದ ರಬ್ಬರಿನ ಚೂರಿಗೆ ಇಷ್ಟು ಚೆಂದದ ಲಾಂಛನ ಆ ಮೇಲೆ ಇನ್ನೆಲ್ಲೂ ಸಿಕ್ಕಂತಿಲ್ಲ.

ಈ ಕಥೆ ಬೆಂಗಳೂರನ್ನು ಒಂದು ಕ್ಷಣ ಸವರಿಕೊಂಡು ಹೋಗಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದ ನಡುವಿನಲ್ಲಿ ಯುರೋಪು, ಅಮೆರಿಕದ ಮೋಟಾರು ಕಾರ್ಖಾನೆಗಳನ್ನು ಸುತ್ತಿ ಬಂದು, ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡು ಅಮೆರಿಕಕ್ಕೆ ಹೋಗಿ, ಫೋರ್ಡ್ ಜತೆ ಹೊಂದದೆ ಕ್ರೈಸ್ಲರ್ ಜತೆ ಒಪ್ಪಂದಕ್ಕೆ ಬಂದರು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸರ್ಕಾರ ಕಾರ್ಖಾನೆ ತನ್ನಲ್ಲಿಗೆ ಬರಲೆಂದು ಕೈಚಾಚಿತು. ಯುದ್ಧದ ನೆಪ ಹೇಳಿ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ವಾಲ್‌ಚಂದ್ ಅದೇ ಓಡಾಟದಲ್ಲಿ ಪರಿಚಯವಾದ ವಿಲಿಯಂ ಪಾಲಿಯ ನೆರವಿನಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಂಪನಿ ಆರಂಭಿಸಿದರು. ಇಂದಿನ ಎಚ್‌ಎಎಲ್‌ನ ಬೇರು ಅದು. ಕಾರಿನ ಕಂಪನಿ, ಪ್ರೀಮಿಯರ್ ಆಟೊಮೊಬೈಲ್ಸ್, 1944ರಲ್ಲಿ ಮುಂಬಯಿಯ ಪಾಲಾಯಿತು. 1947ರಿಂದ ಅಲ್ಲಿ ಡಾಡ್ಜ್, ಪ್ಲಿಮತ್ ವಾಹನಗಳ ಜೋಡಣೆ ನಡೆಯಿತು. ತೇಲುವ ಎಂಜಿನ್ನಿನ ವಂಶ ಬೆಂಗಳೂರಿಗೆ ಬರುವ ಬದಲು ಕುರ್ಲಾಕ್ಕೆ ಹೋಯಿತು, ಬೆಂಗಳೂರಿಗೆ ರೆಕ್ಕೆ ಸಿಕ್ಕಿತು.

ರಬ್ಬರಿನ ಬಗೆಗೂ ಒಂದು ಮಾತು. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕ ಬೆರೆಸಿ ಕಾಯಿಸುವ ವಿದ್ಯೆ ಕಂಡುಹಿಡಿಯುವ ತನಕ ಅದು ಬಿಸಿಲಿಗೆ ಅಂಟಾಗುವ, ಚಳಿಗೆ ಸೆಟೆಯುವ ವಸ್ತು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಬ್ರೆಜಿಲ್ಲಿನಿಂದ ಸುಮಾರು 70,000 ಬೀಜ ಸಾಗಿಸಿದ ಮೇಲೆ ರಬ್ಬರ್ ಮರ ಏಷ್ಯಾಕ್ಕೆ ಬಂತು. ಸುಳ್ಯ, ಪುತ್ತೂರಿನ ಕಡೆಯವರಿಗೆ ಅದರ ಹಾಲು, ಶೀಟು, ಹೊಗೆಗೂಡಿನ ಪರಿಚಯ ಹೇಳಿಕೊಡಬೇಕಿಲ್ಲ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಅಲ್ಲಿ ಸರ್ಕಾರಿ ರಬ್ಬರ್ ತೋಟಗಳಲ್ಲೇ ಕೆಲಸ ಸಿಕ್ಕಿತು. ಎರಡನೆಯ ಮಹಾಯುದ್ಧದ ಕಾಲದಿಂದ ಕೃತಕ ರಬ್ಬರು ಬಗೆಬಗೆಯಾಗಿ ಬಂದರೂ ಎಂಜಿನ್ ಮೌಂಟಿಂಗಿಗೆ ಮರದ ಹಾಲಿನ ರಬ್ಬರೇ ಇಂದಿಗೂ ಮೊದಲ ಆಯ್ಕೆ. ಲಕ್ಷಾಂತರ ಸಲ ಎಳೆದು ಬಿಟ್ಟರೂ ಬೇಗ ಹರಿಯದ ತಾಳ್ಮೆ ಅದಕ್ಕಿದೆ. ಅದರ ಶತ್ರು ಮೂರು: ಬಿಸಿ, ಓಝೋನ್, ಎಲ್ಲಕ್ಕಿಂತ ಮುಖ್ಯವಾಗಿ ಎಣ್ಣೆ. ಎಂಜಿನ್ ಆಯಿಲ್ ತೊಟ್ಟಿಕ್ಕುತ್ತಿದ್ದರೆ ರಬ್ಬರು ಅದನ್ನು ಕುಡಿದು ಊದಿಕೊಂಡು ಮೆತ್ತಗಾಗುತ್ತದೆ. ಎಷ್ಟೋ ಸಲ ಮೌಂಟಿಂಗ್ ಸಾಯುವುದು ತನ್ನ ವಯಸ್ಸಿನಿಂದಲ್ಲ, ಮೇಲಿನ ಯಾವುದೋ ಗ್ಯಾಸ್ಕೆಟ್ಟಿನ ತಪ್ಪಿನಿಂದ.

ಬರೀ ರಬ್ಬರಿನ ಬಿಲ್ಲೆ ಸಾಲದು, ಅದು ಕಬ್ಬಿಣಕ್ಕೆ ಕಚ್ಚಿಕೊಳ್ಳಬೇಕು. ಅಮೆರಿಕದ ಈರಿ ಪಟ್ಟಣದಲ್ಲಿ 1924ರಲ್ಲಿ ಹ್ಯೂ ಲಾರ್ಡ್ ಎಂಬ ಪೇಟೆಂಟ್ ವಕೀಲ ಕಟ್ಟಿದ ಕಂಪನಿ ರಬ್ಬರನ್ನು ಲೋಹಕ್ಕೆ ಬೆಸೆಯುವುದನ್ನೇ ಕಸುಬು ಮಾಡಿಕೊಂಡಿತು. ಯುರೋಪಿನಲ್ಲಿ ಸೈಲೆಂಟ್‌ಬ್ಲಾಕ್ ಎಂಬ ಹೆಸರಿನ ಬುಷ್ ಬಂತು: ಒಳಗೊಂದು ಲೋಹದ ಕೊಳವೆ, ಹೊರಗೊಂದು, ನಡುವೆ ಒತ್ತಿ ತುಂಬಿದ ರಬ್ಬರು. ಗ್ರೀಸು ಬೇಡ, ಕಿರುಗುಟ್ಟುವುದಿಲ್ಲ. ಆ ವ್ಯಾಪಾರನಾಮ ಕಂಪನಿಯ ಹಂಗು ಬಿಟ್ಟು ನಮ್ಮ ಗ್ಯಾರೇಜುಗಳಲ್ಲಿ ‘ಸೈಲೆಂಟ್ ಬ್ಲಾಕ್’ ಎಂಬ ಸಾಮಾನ್ಯ ಪದವಾಗಿ ಬದುಕಿದೆ.

ಎಂಜಿನ್ ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುವವರೆಗೆ ಮೌಂಟಿಂಗಿನ ಬಾಳು ಒಂದು ಮಟ್ಟಿಗೆ ಸುಖದ್ದು. 1959ರಲ್ಲಿ ಅಲೆಕ್ ಇಸಿಗೋನಿಸ್ ಮಿನಿ ಕಾರಿನಲ್ಲಿ ಎಂಜಿನ್ನನ್ನು ಅಡ್ಡ ತಿರುಗಿಸಿಟ್ಟು ಮುಂದಿನ ಚಕ್ರಗಳಿಗೆ ಜೋಡಿಸಿದಾಗ ಲೆಕ್ಕ ಬದಲಾಯಿತು. ಗೇರ್‌ಬಾಕ್ಸು ಮತ್ತು ಡಿಫರೆನ್ಷಿಯಲ್ ಎರಡೂ ಎಂಜಿನ್ನಿನ ಜತೆಯೇ ಒಂದೇ ಗಡ್ಡೆ. ಮೊದಲ ಗೇರಿನಲ್ಲಿ ಒಂದು ಮೂರೂವರೆ ಪಟ್ಟು, ಡಿಫರೆನ್ಷಿಯಲ್ಲಿನಲ್ಲಿ ಇನ್ನೊಂದು ನಾಲ್ಕು ಪಟ್ಟು ಅಂದುಕೊಂಡರೂ ಎಂಜಿನ್ನಿನ ತಿರುಚುಬಲ ಹದಿನಾಲ್ಕು ಪಟ್ಟಾಗಿ ಚಕ್ರಕ್ಕೆ ಹೋಗುತ್ತದೆ. ಅಷ್ಟೇ ಬಲದ ಎದುರೇಟು ಮೌಂಟಿಂಗುಗಳ ಮೇಲೆ. ಅದನ್ನು ತಡೆಯಲು ಮಿನಿಯಲ್ಲಿ ಎಂಜಿನ್ನಿನ ನೆತ್ತಿಯಿಂದ ಹಿಂದಿನ ಗೋಡೆಗೆ ಒಂದು ಸರಳು, ಎರಡೂ ತುದಿಯಲ್ಲಿ ಪುಟ್ಟ ರಬ್ಬರ್ ಬುಷ್. ಆ ಬುಷ್ ಸವೆದರೆ ಕ್ಲಚ್ ಬಿಡುವಾಗ ಇಡೀ ಕಾರು ಜೋಲಿ ಹೊಡೆಯುತ್ತಿತ್ತು, ಸೈಲೆನ್ಸರ್ ಕೊಳವೆ ಮುರಿಯುತ್ತಿತ್ತು. ಮಿನಿ ಇಟ್ಟುಕೊಂಡವರೆಲ್ಲ ಆ ಬುಷ್ ಬದಲಿಸಲು ಕಲಿತರು. ಇಂದಿನ ಕಾರುಗಳಡಿ ಕಾಣುವ, ನಾಯಿ ಕಚ್ಚುವ ಮೂಳೆಯ ಆಕಾರದ ಟಾರ್ಕ್ ರಾಡು ಅದೇ ಸರಳಿನ ಕುಲದ್ದು.

ಭಾರತದ ಮನೆಮನೆಗೆ ಈ ಅಡ್ಡ ಎಂಜಿನ್ ತಂದದ್ದು ಮಾರುತಿ 800. ಮೊದಲ ಕಾರಿನ ಕೀಲಿ 1983ರ ಡಿಸೆಂಬರ್ 14ರಂದು ಹಸ್ತಾಂತರವಾಯಿತು. 796 ಸಿಸಿ, ಮೂರೇ ಸಿಲಿಂಡರು. ಅಂಬಾಸಿಡರಿಗೂ ಫಿಯಟ್ಟಿಗೂ ಒಗ್ಗಿದ್ದ ಕೈಗಳಿಗೆ ಎರಡೂ ಹೊಸದು: ಎಂಜಿನ್ ಅಡ್ಡಕ್ಕೆ ಕೂತಿದೆ, ಗುದ್ದುಗಳೂ ಎಣಿಸುವಷ್ಟು ಬಿಡಿಬಿಡಿ. ಮೂರು ಸಿಲಿಂಡರಿನ ಎಂಜಿನ್ ಮೇಲೆ ಕೆಳಗೆ ಕುಲುಕುವುದಿಲ್ಲ, ಅದರ ಬದಲು ಒರಳಲ್ಲಿ ತಿರುಗುವ ಗುಂಡಿನಂತೆ ತಲೆ ಒಂದು ಕಡೆ, ಕಾಲು ಒಂದು ಕಡೆ ತೊನೆಯುತ್ತದೆ. ಅದನ್ನು ಪಳಗಿಸುವ ಭಾರ ಬಹುಪಾಲು ರಬ್ಬರಿನದು. ಮೌಂಟಿಂಗ್ ಎಂಬುದು ಎಂಜಿನ್ ಇಳಿಸಿದಾಗ ಮಾತ್ರ ನೋಡುವ ಸಾಮಾನಾಗಿದ್ದದ್ದು, ಸ್ಟಿಯರಿಂಗ್ ನಡುಗಿದರೆ ಮೊದಲು ಬೆರಳು ತೋರುವ ಸಾಮಾನಾಯಿತು.

ರಬ್ಬರಿನ ಮೂಲ ತೊಡಕು ಮಾತ್ರ ಉಳಿದೇ ಇತ್ತು. ಐಡಲಿನ ಸಣ್ಣ ನಡುಕ ನುಂಗಲು ಅದು ಮೆತ್ತಗಿರಬೇಕು, ಗುಂಡಿಗೆ ಬಿದ್ದಾಗ ಎಂಜಿನ್ ಕುಣಿಯದಂತೆ ತಡೆಯಲು ಗಟ್ಟಿಯಾಗಿರಬೇಕು. ಒಂದೇ ತುಂಡು ಎರಡೂ ಆಗುವುದು ಹೇಗೆ? 1980ರ ದಶಕದಲ್ಲಿ ಜರ್ಮನಿಯ ಕಾರುಗಳಿಂದ ಹರಡಿದ ಹೈಡ್ರಾಲಿಕ್ ಮೌಂಟಿಂಗ್ ಅದಕ್ಕೊಂದು ಜಾಣ ಉತ್ತರ. ರಬ್ಬರಿನೊಳಗೆ ಎರಡು ಕೋಣೆ, ಅವುಗಳಲ್ಲಿ ಗ್ಲೈಕಾಲ್ ಬೆರೆತ ದ್ರವ, ನಡುವೆ ಉದ್ದವಾದ ಸಣ್ಣ ಕಾಲುವೆ. ದೊಡ್ಡ ಜಿಗಿತ ಬಂದಾಗ ದ್ರವ ಆ ಕಾಲುವೆಯಲ್ಲಿ ಹೆಣಗಾಡಿ ನುಗ್ಗುತ್ತ ಜಿಗಿತದ ಶಕ್ತಿ ಹೀರುತ್ತದೆ. ಸಣ್ಣ ನಡುಕಕ್ಕೆ ತೆಳು ಪೊರೆಯೊಂದು ಮಿಡಿದು ಸುಮ್ಮನಾಗುತ್ತದೆ. 2003ರಲ್ಲಿ ಹೋಂಡಾ ಇನ್‌ಸ್ಪೈರ್ ಕಾರಿನಲ್ಲಿ, ಆರರಲ್ಲಿ ಮೂರು ಸಿಲಿಂಡರ್ ನಿದ್ದೆ ಹೋದಾಗ ಏಳುವ ನಡುಕವನ್ನು ಎದುರು ನಡುಕ ಹುಟ್ಟಿಸಿ ಅಳಿಸುವ ವಿದ್ಯುತ್ ಮೌಂಟಿಂಗೇ ಬಂತು. ಲ್ಯಾಂಚೆಸ್ಟರ್ ಎಂಜಿನ್ನಿನ ಒಳಗೆ ಮಾಡಲು ಹೊರಟಿದ್ದನ್ನು ನೂರು ವರ್ಷದ ಬಳಿಕ ಹೊರಗಿನಿಂದ ಮಾಡಿದಂತೆ. ಬೆಲೆಯೂ ಅದಕ್ಕೆ ತಕ್ಕಂತೆ. ದ್ರವ ಸೋರಿ ಕಪ್ಪು ಕಲೆ ಕಟ್ಟಿದ ಹೈಡ್ರಾಲಿಕ್ ಮೌಂಟಿಂಗಿನ ಬಿಲ್ಲು ನೋಡಿ ಹಳೆಯ ರಬ್ಬರ್ ಬಿಲ್ಲೆಯನ್ನು ನೆನೆದು ನಿಟ್ಟುಸಿರಿಟ್ಟವರುಂಟು.

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಇಂದು ನಿಂತವನ ಮುಂದೆ ಈ ಇಡೀ ಚರಿತ್ರೆ ಆಯ್ಕೆಗಳಾಗಿ ಹರಡಿಕೊಳ್ಳುತ್ತದೆ. ಕಂಪನಿಯ ಡಬ್ಬಿಯಲ್ಲಿ ಬರುವ ಅಸಲು ಸಾಮಾನು, ಅದರ ಅರ್ಧ ಬೆಲೆಗೆ ಬೇರೆ ತಯಾರಕರದು, ಇನ್ನೂ ಅಗ್ಗಕ್ಕೆ ಹೆಸರಿಲ್ಲದ್ದು. ರಬ್ಬರಿನ ಗಡಸುತನವನ್ನು ಶೋರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಮಾಮೂಲಿ ಮೌಂಟಿಂಗು ಸಾಮಾನ್ಯವಾಗಿ 40ರಿಂದ 60ರ ಆಸುಪಾಸು. ಅಗ್ಗದ ಮಾಲಿನಲ್ಲಿ ಈ ಗಡಸುತನ ತಪ್ಪಿದರೆ ಸಾಮಾನು ಹೊಸದು, ನಡುಕ ಹಳೆಯದಕ್ಕಿಂತ ಜಾಸ್ತಿ. ಓಟದ ಹುಚ್ಚಿನವರು ಪಾಲಿಯುರೆಥೇನ್ ಬುಷ್ ಹಾಕಿಸುತ್ತಾರೆ. ಅದು 70ರಿಂದ ಮೇಲೆ. ಎಣ್ಣೆಗೆ ಬಗ್ಗುವುದಿಲ್ಲ, ಗೇರು ಚುರುಕಾಗಿ ಬೀಳುತ್ತದೆ, ಆದರೆ ಸಿಗ್ನಲ್ಲಿನಲ್ಲಿ ನಿಂತಾಗ ಕನ್ನಡಿಯಲ್ಲಿ ಹಿಂದಿನ ಕಾರು ಎರಡೆರಡಾಗಿ ಕಾಣುತ್ತದೆ. ದುಡ್ಡು ಕೊಟ್ಟು 1931ರ ಹಿಂದಕ್ಕೆ ಪಯಣ ಮಾಡಿದ ಹಾಗೆ. ಓಟದ ಕಣದಲ್ಲಿ ಅದಕ್ಕೆ ಅರ್ಥವಿದೆ, ಮಾಗಡಿ ರಸ್ತೆಯಲ್ಲಿ ಇಲ್ಲ. ಇನ್ನು ಹಳೆ ಟೈರಿನ ತುಂಡು ಕತ್ತರಿಸಿ ಪ್ಯಾಕಿಂಗ್ ಕೊಡುವ ಹಳ್ಳಿ ಉಪಾಯ ಊರು ಮುಟ್ಟಿಸುತ್ತದೆ, ಅಷ್ಟೇ. ಟೈರಿನೊಳಗಿನ ನೂಲು ಮತ್ತು ತಂತಿ ಹಿಗ್ಗಬಾರದೆಂದೇ ಹೆಣೆದದ್ದು.

ಒಂದು ಹೋದರೆ ಅದರ ಹೊರೆ ಉಳಿದವುಗಳ ಮೇಲೆ ಬಿದ್ದಿರುತ್ತದೆ. ಅದಕ್ಕೇ ಅನುಭವಸ್ಥರು ಒಂದನ್ನು ಬದಲಿಸುವಾಗ ಮಿಕ್ಕವನ್ನೂ ಟಾರ್ಚು ಬಿಟ್ಟು ನೋಡುತ್ತಾರೆ. ಕೆಲಸ ಸುಲಭದ್ದೇ: ಆಯಿಲ್ ಸಂಪಿನ ಕೆಳಗೆ ಮರದ ಹಲಗೆ ಕೊಟ್ಟು ಜಾಕಿನಿಂದ ಎಂಜಿನ್ನಿನ ಭಾರ ಹೊರಿಸಿ, ಬೋಲ್ಟು ಬಿಚ್ಚಿ, ಹಳೆಯದನ್ನು ತೆಗೆದು ಹೊಸದನ್ನು ಕೂರಿಸುವುದು. ಹಲಗೆ ಇಡದೆ ಜಾಕು ಏರಿಸಿದರೆ ಸಂಪು ನೆಗ್ಗುತ್ತದೆ.

ಅವಸರದ ಹುಡುಗ ಹೊಸದನ್ನು ಸೇರಿಸಿದ ಕೂಡಲೇ ಪಾನಾ ಹಿಡಿದು ಬೋಲ್ಟುಗಳನ್ನು ಬಿಗಿದುಬಿಡುತ್ತಾನೆ. ಎಂಜಿನ್ ಜಾಕಿನ ಮೇಲೆ ಓರೆಯಾಗಿದ್ದರೆ ರಬ್ಬರು ತಿರುಚಿಕೊಂಡೇ ಬಿಗಿಯಾಗುತ್ತದೆ, ಹೊಸ ಮೌಂಟಿಂಗು ಹಾಕಿದ ದಿನದಿಂದಲೇ ಹರಿಯಲು ಶುರು. ಹಳೆಯ ಮೇಸ್ತ್ರಿಗಳು ಬೋಲ್ಟುಗಳನ್ನು ಕೈಬಿಗಿತಕ್ಕಷ್ಟೇ ತಿರುಗಿಸಿ, ಜಾಕು ಇಳಿಸಿ, ಎಂಜಿನ್ನಿನ ಪೂರ್ತಿ ಭಾರ ರಬ್ಬರಿನ ಮೇಲೆ ಬೀಳಲು ಬಿಡುತ್ತಾರೆ. ಎರಡೂ ಕೈಯಿಂದ ಎಂಜಿನ್ನನ್ನು ಹಿಂದೆ ಮುಂದೆ ತುಯ್ದು, ಕೆಲವರು ಒಂದು ನಿಮಿಷ ಐಡಲಿನಲ್ಲಿ ಓಡಿಸಿಯೂ ನೋಡಿ, ಅದು ಒಂದೆರಡು ಸಲ ಮೈ ಕೊಡವಿಕೊಂಡು ತನಗೆ ಬೇಕಾದ ಜಾಗದಲ್ಲಿ ಕೂತ ಮೇಲೆ, ಆಫ್ ಮಾಡಿ, ಆಮೇಲೆ ಬೋಲ್ಟಿಗೆ ಪಾನಾ ಹಾಕುತ್ತಾರೆ.